ಕರುಣಾಕರಣ್ಣ ಬಿಡಿಸದ ಡಬ್ಬಿ

ಮಣಿಪಾಲದಲ್ಲಿ ನನ್ನದು ಝೆರಾಕ್ಸ್ ಅಂಗಡಿ. ಪಕ್ಕದ್ದು ಕಾಪುವಿನ ಕರುಣಾಕರಣ್ಣನ ವಿಡಿಯೋ ಗೇಮ್ ಅಂಗಡಿ. ನಾನು ದಿನವಿಡೀ ನಕಲು ಮಾಡಿ ಹೊಟ್ಟೆ ಹೊರೆಯುವವ, ಅವರು ಅಸಲಿಗೆ ಪ್ರಾಣ ಬಿಡುವವರು. ನಡುವೆ ಒಂದು ಹಲಗೆಯ ಗೋಡೆ. ಅದರಾಚೆಯಿಂದ "ಇದು ಕಂಪೆನಿ ಸೀಲ್ ಅಲ್ಲ ಮಾರಾಯ, ತಕ್ಕೊಂಡು ಹೋಗು" ಎಂಬ ಮಾತು ಕೇಳಿಸಿದರೆ ಯಾರದೋ ಮುಖ ಸಪ್ಪಗಾಯಿತು ಎಂದೇ ಲೆಕ್ಕ.

ಅವರು ಶಾರ್ಜಾದಲ್ಲಿ ಆಟದ ಸಾಮಾನಿನ ಗೋದಾಮೊಂದರಲ್ಲಿ ಬಹಳ ವರ್ಷ ದುಡಿದವರು. ಬಂದ ಮಾಲು ಹೊಸದೋ, ಯಾರಾದರೂ ಬಿಚ್ಚಿ ಮತ್ತೆ ಸುತ್ತಿದ್ದೋ ಎಂದು ಪರೀಕ್ಷಿಸುವುದೇ ಅಲ್ಲಿ ಅವರ ಕೆಲಸವಾಗಿತ್ತು. ಗೋದಾಮು ಮುಚ್ಚಿ 1999ರಲ್ಲಿ ಊರಿಗೆ ಮರಳುವಾಗ, ಎಲ್ಲರೂ ತರುವ ಚಿನ್ನ, ಕಂಬಳಿ, ಸೆಂಟು ಬಿಟ್ಟು ಒಂದು ಟ್ರಂಕ್ ತುಂಬ ಸೀಲು ಒಡೆಯದ ಗೇಮ್ ಡಬ್ಬಿಗಳನ್ನು ತಂದರು. ಟ್ರಂಕ್ ತೆರೆದು ನೋಡಿದ ಹೆಂಡತಿ ಗುಣವತಿಯಕ್ಕ ಒಂದು ವಾರ ಅವರ ಹತ್ತಿರ ಮಾತು ಬಿಟ್ಟಿದ್ದರಂತೆ.

"ಬಿಡಿಸಿದ್ರೆ ಪ್ಲಾಸ್ಟಿಕ್, ಬಿಡಿಸದಿದ್ರೆ ಚಿನ್ನ. ಇನ್ನು ಹತ್ತು ವರ್ಷ ಹೋಗ್ಲಿ, ನೋಡು" ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ನಾನು ನಗುತ್ತಿದ್ದೆ. ಆದರೆ ನಗುವ ಹಾಗಿರಲಿಲ್ಲ. ಆ ಕಾಲದ ಕ್ಯಾಸೆಟ್ ಗೇಮುಗಳು ತಯಾರಾಗುವುದು ನಿಂತುಹೋಯಿತು, ಹೊರದೇಶಗಳಲ್ಲಿ ಸೀಲು ಒಡೆಯದ ಹಳೆಯ ಡಬ್ಬಿಗಳಿಗೆ ಹುಚ್ಚು ಹಿಡಿದವರು ಹುಟ್ಟಿಕೊಂಡರು. ಗಲ್ಫಿನಿಂದ ಬಂದದ್ದನ್ನು ಬಿಚ್ಚದೆ ಶೋಕೇಸಿನಲ್ಲಿ ಇಡುವ ಮನೆಗಳಿಗೆ ನಮ್ಮ ಕಡೆ ಬರವಿಲ್ಲವಲ್ಲ! ಉಡುಪಿಯಿಂದ, ಕಾರ್ಕಳದಿಂದ, ನಿಟ್ಟೆಯ ಹಾಸ್ಟೆಲುಗಳಿಂದ ಜನ ಡಬ್ಬಿ ಹಿಡಿದುಕೊಂಡು ಕರುಣಾಕರಣ್ಣನ ಬಳಿ ಬರತೊಡಗಿದರು.

ಅವರು ಡಬ್ಬಿಯ ಮುಖ ನೋಡುತ್ತಿರಲಿಲ್ಲ. ನೇರ ಹಿಂದಕ್ಕೆ ತಿರುಗಿಸಿ, ಮೇಲಿನ ಪ್ಲಾಸ್ಟಿಕ್ ಹಾಳೆ ಬಂದು ಕೂಡುವ ಗೆರೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಆಮೇಲೆ ಟ್ಯೂಬ್‌ಲೈಟಿಗೆ ಹಿಡಿಯುತ್ತಿದ್ದರು. ಕಂಪೆನಿಯ ಸುತ್ತು ಎರಡೂ ತುದಿಗಳಲ್ಲಿ ಒತ್ತಾಗಿ ಮಡಚಿ ಅಂಟಿರಬೇಕು, ಗೆರೆ ನೇರವಾಗಿರಬೇಕು. ಅಂಗಡಿಯವರು ಬಿಸಿಗಾಳಿಯಲ್ಲಿ ಮತ್ತೆ ಸುತ್ತಿದ್ದಾದರೆ ಮೂಲೆಗಳು ಮುದುಡಿರುತ್ತವೆ, ಗೆರೆ ಬೆಳ್ಳಗಾಗಿ ಏಳುತ್ತದೆ. ಗೆರೆ ಬೆಳ್ಳಗಾಗಿದ್ದರೆ ಸಾಕ್ಷಾತ್ ದೇವರು ತಂದರೂ ಅವರು ಒಪ್ಪುವವರಲ್ಲ.

ಕಾರ್ಕಳದ ಭುಜಂಗರು ತಂದ ಡಬ್ಬಿಯ ಕತೆಯೂ ಹೀಗೇ ಆಯಿತು. ಮಸ್ಕತ್ತಿನ ತಮ್ಮ ಕಳಿಸಿದ್ದು, ಮಾರಿ ಮನೆಗೆ ಹೆಂಚು ಬದಲಿಸುವ ಆಸೆ.

"ಇದನ್ನು ಬಿಚ್ಚಿ ಸುತ್ತಿದ್ದಾರೆ" ಎಂದರು ಕರುಣಾಕರಣ್ಣ.

"ಎಂತ ಹೇಳ್ತೀರಿ ನೀವು? ಬಂದ ದಿನದಿಂದ ಹೆಂಡತಿಯ ಸೀರೆ ಕಪಾಟಿನಲ್ಲಿ ಉಂಟು. ಯಾರೂ ಮುಟ್ಟಲಿಲ್ಲ."

"ಗೆರೆ ನೋಡಿ. ಗೆರೆ ಸುಳ್ಳು ಹೇಳುವುದಿಲ್ಲ."

"ಹಾಗಾದ್ರೆ ನಾನು ಸುಳ್ಳು ಹೇಳುವುದಾ?" ಭುಜಂಗರ ಮುಖ ಕೆಂಪಾಯಿತು. ಅಲ್ಲೇ ಗಲ್ಲಾಪೆಟ್ಟಿಗೆಯ ಎದುರು ಸುತ್ತನ್ನು ಪರ್ರನೆ ಹರಿದು ಬಿಸಾಡಿದರು. "ಬೆಲೆ ಇಲ್ಲದಿದ್ರೆ ಹೋಗ್ಲಿ, ನನ್ನ ಮಕ್ಕಳಾದ್ರೂ ಆಡ್ಲಿ" ಎಂದು ಡಬ್ಬಿಯನ್ನು ಕಂಕುಳಲ್ಲಿಟ್ಟು ಬಸ್ಸು ಹತ್ತಿದರು. ಆ ಹರಕನ್ನು ಗುಡಿಸುವಾಗಲೂ ಕರುಣಾಕರಣ್ಣನ ಮುಖದಲ್ಲಿ ತಾನು ಗೆದ್ದ ಸಂತೋಷವಿತ್ತು. ನನಗೆ ಆ ದಿನ ಅವರನ್ನು ಕಂಡರಾಗಲಿಲ್ಲ.

ಅವರ ಟ್ರಂಕಿನ ಡಬ್ಬಿಗಳಲ್ಲಿ ಒಂದು ಮಾತ್ರ ಬೇರೆ. ನೀಲಿ ಡಬ್ಬಿ, ಮೇಲೆ ಸೇತುವೆ ಹಾರುವ ಪುಟ್ಟ ನರಿಮರಿಯ ಚಿತ್ರ. ಅದನ್ನು ಅವರು ಮಗಳು ಯಶ್ಮಿತಾಳಿಗೆಂದೇ ತಂದಿದ್ದರು. ಬರುವ ಮೊದಲೇ ಫೋನಿನಲ್ಲಿ ಹೇಳಿಯೂ ಆಗಿತ್ತು. ಆರು ವರ್ಷದ ಹುಡುಗಿ "ನನ್ನ ನರಿ ಎಲ್ಲಿ?" ಎಂದು ಟ್ರಂಕಿನ ಮೇಲೆಯೇ ಬಿದ್ದಳಂತೆ. ಅಷ್ಟರಲ್ಲಿ ಆ ನರಿಮರಿಯೇ ಎಲ್ಲಕ್ಕಿಂತ ಅಪರೂಪದ್ದೆಂದು ಕರುಣಾಕರಣ್ಣನಿಗೆ ಯಾರೋ ಹೇಳಿದ್ದರು. ಮನಸ್ಸು ಬದಲಾಯಿತು.

"ದೊಡ್ಡ ರಜೆಗೆ ಬಿಡಿಸುವಾ" ಎಂದರು. ಮುಂದಿನ ವರ್ಷ "ಹುಟ್ಟಿದ ಹಬ್ಬಕ್ಕೆ" ಎಂದರು. ಅವಳು ಕೇಳುತ್ತಲೇ ಇದ್ದಳು. ಶನಿವಾರ ಅಂಗಡಿಗೆ ಬಂದರೆ ನನ್ನ ಯಂತ್ರದ ಮೇಲೆ ಅಂಗೈ ಇಟ್ಟು ಝೆರಾಕ್ಸ್ ಮಾಡಿಸಿಕೊಂಡು, "ಅಣ್ಣು ಮಾಮ, ಪಪ್ಪನಿಗೆ ಹೇಳಿ. ಒಂದೇ ಸಲ ಆಡಿ ಹಾಗೇ ಇಡ್ತೇನೆ" ಎನ್ನುತ್ತಿದ್ದಳು. ನಾನು ಹೇಳಿದೆ. "ಅವಳ ಮದುವೆಗೆ ಇಟ್ಟದ್ದು ಅಣ್ಣು, ನಿನಗೆ ಗೊತ್ತಾಗುವುದಿಲ್ಲ" ಎಂದರು. ಆಮೇಲೆ ಅವಳು ಕೇಳುವುದನ್ನು ನಿಲ್ಲಿಸಿದಳು. ಮಗಳಿಗೆ ಬುದ್ಧಿ ಬಂತು ಎಂದು ಅವರು ಹೆಮ್ಮೆಪಟ್ಟರು.

ಟ್ರಂಕನ್ನು ಅವರು ಜೋಪಾನ ಮಾಡಿದ್ದು ಅವರ ತಾಯಿ ರೇಷ್ಮೆಯ ಪಟ್ಟೆ ಸೀರೆಗಳನ್ನು ಜೋಪಾನ ಮಾಡಿದ ಹಾಗೆಯೇ. ಬಿಳಿ ಪಂಚೆಯಲ್ಲಿ ಸುತ್ತಿ, ಸಂದುಸಂದಿಗೂ ನುಸಿಗುಳಿಗೆ ಹಾಕಿ, ಪ್ರತಿ ಮಳೆಗಾಲಕ್ಕೆ ಮೊದಲು ಹೊಸ ಗುಳಿಗೆ ಸೇರಿಸುತ್ತಿದ್ದರು. ಬೆಳಕು ತಾಗಬಾರದೆಂದು ಪಂಚೆ ಬಿಚ್ಚುತ್ತಲೇ ಇರಲಿಲ್ಲ.

2009ರ ಒಂದು ಭಾನುವಾರ ಕೆಮ್ಮಣ್ಣು ಊರಿನ ಸ್ಟ್ಯಾನಿಸ್ಲಾಸ್ ಅವರನ್ನು ಟ್ರಂಕು ತೋರಿಸಲು ಕಾಪುವಿನ ಮನೆಗೆ ಕರೆದೊಯ್ಯುವ ಕೆಲಸ ನನಗೆ ಬಂತು. ಇಂಟರ್ನೆಟ್ಟಿನಲ್ಲಿ ಹಳೆಯ ಗೇಮುಗಳನ್ನು ಹೊರದೇಶಕ್ಕೆ ಮಾರುವವರು ಅವರು. ಸೀಲು ನೋಡುವ ವಿದ್ಯೆಯನ್ನು ಕಲಿತದ್ದೇ ಕರುಣಾಕರಣ್ಣನಿಂದ. ಟ್ರಂಕಿನ ಮುಚ್ಚಳ ಎತ್ತಿದ್ದೇ ತಡ, ನುಸಿಗುಳಿಗೆಯ ಘಾಟಿಗೆ ಮೂವರೂ ಹಿಂದೆ ಸರಿದೆವು.

ಕರುಣಾಕರಣ್ಣ ಪಂಚೆ ಬಿಚ್ಚಿ ನರಿಮರಿಯನ್ನು ಹೊರತೆಗೆದರು. ಗುಳಿಗೆ ತಾಗಿದಲ್ಲೆಲ್ಲ ಪ್ಲಾಸ್ಟಿಕ್ ಅಂಟಂಟಾಗಿ ಹಾಲಿನ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಗೆರೆ ಉದ್ದಕ್ಕೂ ಬೆಳ್ಳಗಾಗಿ ಎದ್ದಿತ್ತು. ಉಳಿದ ಡಬ್ಬಿಗಳ ಗತಿಯೂ ಅದೇ.

ಸ್ಟ್ಯಾನಿಸ್ಲಾಸ್ ಒಂದೊಂದನ್ನೂ ಬೆಳಕಿಗೆ ಹಿಡಿದು ಕೆಳಗಿಟ್ಟರು. "ನಾನೆಂತ ಹೇಳಲಿ ಕರುಣಾಕರಣ್ಣ? ನೀವು ಬಿಚ್ಚಲಿಲ್ಲ ಅಂತ ನನಗೆ ಗೊತ್ತುಂಟು. ಆದ್ರೆ ಇದನ್ನು ಬೇರೆಯವರು ನಿಮ್ಮ ಅಂಗಡಿಗೆ ತಂದಿದ್ರೆ?"

ಕರುಣಾಕರಣ್ಣ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. ಕೊನೆಗೆ, "ಬಿಚ್ಚಿ ಸುತ್ತಿದ್ದು ಅಂತ ಹೇಳ್ತಿದ್ದೆ" ಎಂದರು. ನನ್ನ ಕಡೆ ತಿರುಗಿದರು. "ಭುಜಂಗರದ್ದೂ ಸೀರೆ ಕಪಾಟಲ್ವಾ ಅಣ್ಣು? ಅಲ್ಲಿಯೂ ಗುಳಿಗೆ ಇದ್ದಿರ್ಬೇಕು."

ಸ್ಟ್ಯಾನಿಸ್ಲಾಸ್ ಚಹಾ ಅರ್ಧ ಕುಡಿದು ಎದ್ದು ಬಸ್ಸಿಗೆ ನಡೆದರು. ನನಗೆ ಏಳಲು ಮನಸ್ಸಾಗಲಿಲ್ಲ. ಕರುಣಾಕರಣ್ಣ ಒಳಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ಮಗಳನ್ನು ಕರೆದರು.

"ಬಿಡಿಸು ಮಗಾ" ಎಂದು ನೀಲಿ ಡಬ್ಬಿಯನ್ನು ಕೈಗಿಟ್ಟರು.

"ಬೇಡ ಪಪ್ಪ, ಮದುವೆಗೆ ಅಂತ ಇಟ್ಟದ್ದಲ್ವಾ ಇದು?" ಅವಳು ಕೊಂಕು ಮಾತಾಡಲಿಲ್ಲ, ನಿಜವಾಗಿಯೇ ಕೇಳಿದಳು.

"ಬಿಡಿಸು."

ಅವಳು ಉಗುರಿನಿಂದ ಸುತ್ತನ್ನು ಹರಿದಳು. ಮನೆಯಲ್ಲಿದ್ದ ಹಳೆಯ ಗೇಮ್ ಯಂತ್ರ ಇನ್ನೂ ನಡೆಯುತ್ತಿತ್ತು. ಕ್ಯಾಸೆಟ್ ಹಾಕಿದೊಡನೆ ಟೀವಿಯಲ್ಲಿ ನರಿಮರಿ ಬಂದು ಬಾಲ ಕುಣಿಸಿತು. ಯಶ್ಮಿತಾ ನಕ್ಕಳು. ಕರುಣಾಕರಣ್ಣ ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು ಬಾಯಿ ತೆರೆದು ನೋಡಿದರು. ನರಿಮರಿ ಒಂದು ಸೇತುವೆ ಹಾರಿತು, ಹಣ್ಣು ಹೆಕ್ಕಿತು, ಇನ್ನೊಂದು ಸೇತುವೆ ಹಾರಿತು. ಗುಣವತಿಯಕ್ಕ ಮೀನು ತೊಳೆದು ಒಳಗೆ ಬರುವಷ್ಟರಲ್ಲಿ ಅಮ್ಮ ನರಿ ಸಿಕ್ಕಿ ಆಟ ಮುಗಿದಿತ್ತು.

"ಮುಗೀತಾ?"

"ಮುಗೀತು ಪಪ್ಪ. ಚಂದ ಉಂಟು. ಸಣ್ಣ ಮಕ್ಕಳದ್ದಲ್ವಾ, ಇಷ್ಟೇ ಇರ್ತದೆ." ಅವಳು ಅವರ ಭುಜ ಮುಟ್ಟಿ ಓದಲು ಹೋದಳು.

ಕರುಣಾಕರಣ್ಣ ಖಾಲಿ ಡಬ್ಬಿಯನ್ನು ತಿರುಗಿಸಿದರು. ಹಿಂದೆ, ಗೆರೆ ಹಾದುಹೋಗಿದ್ದ ಜಾಗದ ಕೆಳಗೆಯೇ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು: ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ. ಊರವರೆಲ್ಲರ ಡಬ್ಬಿಯ ಗೆರೆ ನೋಡಿದವರು ತನ್ನ ಡಬ್ಬಿಯ ಹಿಂದಿದ್ದ ಅದನ್ನು ಓದಿಯೇ ಇರಲಿಲ್ಲ. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದು, ಬರೀ ಪಾಪ ಅನ್ನಿಸಿತು.

ಮರುದಿನ ಅಂಗಡಿಯಲ್ಲಿ ಅವರು ಭುಜಂಗರಿಗೆ ಫೋನು ಮಾಡಿದ್ದು ಹಲಗೆಯ ಗೋಡೆಯಾಚೆಯಿಂದ ಕೇಳಿಸಿತು. ತಪ್ಪಾಯಿತು, ನಿಮ್ಮದು ಕಂಪೆನಿ ಸೀಲೇ ಇದ್ದಿರಬೇಕು ಎಂದರು. ಭುಜಂಗರು ಏನೋ ಹೇಳಿ ಗಟ್ಟಿಯಾಗಿ ನಕ್ಕಿರಬೇಕು.

"ಆಡಿ ಆಡಿ ಪುಡಿ ಮಾಡಿದ್ರಾ?" ಎಂದು ಕರುಣಾಕರಣ್ಣ ಕೇಳಿದರು. ಆಮೇಲೆ ಮೆಲ್ಲಗೆ, "ಆಗ ಎಷ್ಟು ವರ್ಷ ಆಗಿತ್ತು ಮಕ್ಕಳಿಗೆ?"

ಅತ್ತಲಿನ ಉತ್ತರ ನನಗೆ ಕೇಳಿಸಲಿಲ್ಲ. "ಹೌದಾ, ಒಳ್ಳೆದಾಯ್ತು" ಎಂದು ಅವರು ಫೋನು ಇಟ್ಟದ್ದು ಮಾತ್ರ ಕೇಳಿಸಿತು.