ಗುಬ್ಬಿಯ ಕಣ್ಣಿನ ಬಿಳಿ ಚುಕ್ಕೆ

ಅಮ್ಮ ತೀರಿಕೊಂಡ ವಾರಕ್ಕೆ ಮಗಳು ಅಪ್ಪನನ್ನು ಕೇಳಿದ್ದು ಒಂದೇ: ನಡುಮನೆಯಲ್ಲಿ ಹಾಕಲು ಅಮ್ಮ ನಗುತ್ತಿರುವ ಒಂದು ಫೋಟೋ. ಇಷ್ಟೇ ತಾನೆ? ಊರಿನವರ ಮುಖವನ್ನೆಲ್ಲ ಹಿಡಿದಿಟ್ಟ ಫೋಟೋ ಸ್ಟುಡಿಯೋದವನಿಗೆ ಅದು ಯಾವ ಮಹಾ ಕೆಲಸ! ಆದರೆ ಆ ಮನುಷ್ಯ ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತ. ಎಷ್ಟು ಹುಡುಕಿದರೂ ಸಿಕ್ಕಿದ್ದೆಲ್ಲ ಗುಬ್ಬಿಗಳು. ದೀಪದ ಬುಡದಲ್ಲೇ ಕತ್ತಲು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಬೀದಿಯವರು ಅವನಿಗಿಟ್ಟ ಅಡ್ಡಹೆಸರು 'ನಗಬೇಡಿ'. ಪಾಸ್‌ಪೋರ್ಟ್ ಫೋಟೋಗೆ ಬಂದವರಿಗೆಲ್ಲ ಅವನದು ಒಂದೇ ಮಂತ್ರ: ಗದ್ದ ಮೇಲೆ, ಕಿವಿ ಎರಡೂ ಕಾಣಲಿ, ನಗಬೇಡಿ. ಹೆಂಡತಿಯನ್ನೂ ಬಿಡಲಿಲ್ಲ. ಗುರುತಿನ ಚೀಟಿಗೆ ತೆಗೆದ ಫೋಟೋದಲ್ಲಿ ಪಾಪ, ಆಕೆ ಬೈಸಿಕೊಂಡವಳ ಹಾಗೆ ನಿಂತಿದ್ದಾಳೆ. ಇದು ನಮ್ಮಮ್ಮನೇ ಅಲ್ಲ ಎಂದು ಮಗಳು ಅದನ್ನು ಅತ್ತ ತಳ್ಳಿದಳು.

ಎಲ್ಲರ ಕೈಗೂ ಮೊಬೈಲ್ ಬಂದು ಸ್ಟುಡಿಯೋ ಮುಚ್ಚಿದ ಮೇಲೆ ಅವನಿಗೆ ಗುಬ್ಬಿಯ ಹುಚ್ಚು ಹಿಡಿದಿತ್ತು. ಹೆಂಡತಿ ಚೆಲ್ಲುವ ನುಚ್ಚಿಗೆ ಗುಬ್ಬಿಗಳು ಹಿತ್ತಲಿಗೆ ಬರುತ್ತಿದ್ದವು. ಮೊದಮೊದಲು ಗುಬ್ಬಿಯನ್ನೂ ಗಿರಾಕಿಯ ಹಾಗೇ ತೆಗೆದ, ನಟ್ಟನಡುವೆ ಕೂರಿಸಿ, ಫ್ಲ್ಯಾಶ್ ಹೊಡೆದು. ಗೋಡೆಗೆ ಅಂಟಿಸಿದ ಚೀಟಿಯಂತೆ ಬಂತು ಹಕ್ಕಿ. ಆಮೇಲೆ ಬಿದ್ದು ಎದ್ದು ಕಲಿತ. ಬೆಳಗಿನ ಎಳೆಬಿಸಿಲಿಗೆ ಕಾದ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಗುಬ್ಬಿಯ ಕಣ್ಣಿನ ಮಟ್ಟಕ್ಕೆ ಇಳಿದ. ಹಿಂದಿನದೆಲ್ಲ ಮಸುಕಾಗಲಿ ಎಂದು ಅದು ಕೂರುವ ಕೋಲನ್ನು ಗೋಡೆಯಿಂದ ದೂರ ನೆಟ್ಟ. ಫೋಟೋದಲ್ಲಿ ಹಕ್ಕಿ ನೋಡುವ ಕಡೆಗೆ ಜಾಗ ಬಿಟ್ಟ. ಆದರೂ ಗುಬ್ಬಿಯ ಎದೆ ನೆರಳಿಗೆ ಕಪ್ಪು, ಕಣ್ಣಲ್ಲಿ ಕಳೆಯಿಲ್ಲ.

ಅದಕ್ಕೆ ಹೆಂಡತಿಯೇ ಮದ್ದಾದಳು. ಕೋಲಿನ ಪಕ್ಕ ಗಿಡ್ಡ ಸ್ಟೂಲಿನ ಮೇಲೆ ಕೂತು ಬಿಳಿ ಥರ್ಮಾಕೋಲ್ ಹಾಳೆ ಹಿಡಿದಳು. ಬಿಸಿಲು ಹಾಳೆಗೆ ತಾಗಿ ಗುಬ್ಬಿಯ ಎದೆಗೆ ಬಿತ್ತು. ಕಣ್ಣಲ್ಲಿ ಒಂದು ಬಿಳಿ ಚುಕ್ಕೆ ಮಿನುಗಿತು, ಫೋಟೋಗೆ ಜೀವ ಬಂತು. ಬೇರೆ ಯಾರು ಹತ್ತಿರ ಸುಳಿದರೂ ಪುರ್ರೆಂದು ಹಾರುವ ಗುಬ್ಬಿ ಅವಳ ಪಕ್ಕದಲ್ಲಿ ಮಾತ್ರ ಆರಾಮಾಗಿ ಕೂರುತ್ತಿತ್ತು. ಅವಳು ಅದರ ಜೊತೆ ಹರಟುವಳು, ಕಿಲಕಿಲ ನಗುವಳು. ಹಾಳೆ ಕುಲುಕುವುದು, ಇವನಿಗೆ ರೇಗುವುದು.

"ನಗಬೇಡ್ವೇ, ಹಾಳೆ ಅಲ್ಲಾಡುತ್ತೆ. ತಲೆ ಆಚೆ ತಗೋ, ಫೋಟೋದಲ್ಲಿ ಬರ್ತೀಯ."

"ಬಂದ್ರೆ ಏನ್ರೀ ಈಗ? ನಿಮ್ಮ ಗುಬ್ಬಿನ ನುಂಗಿಬಿಡ್ತೀನಾ?"

ಸಂಜೆ ಕೂತು ಫೋಟೋ ಆರಿಸುವನು. ಅವಳ ಕೈ, ತುರುಬು, ನಗುವ ಬಾಯಿ ಎಲ್ಲಿ ನುಸುಳಿದ್ದರೂ ಅವನ ಲೆಕ್ಕದಲ್ಲಿ ಕಸ. ಅಂಚಿನಲ್ಲಿದ್ದರೆ ಕತ್ತರಿಸಿದ, ಒಳಗೆ ಬಂದಿದ್ದರೆ ಇಡೀ ಫೋಟೋವನ್ನೇ ಅಳಿಸಿದ. ಹಕ್ಕಿ ಬಿಟ್ಟು ಬೇರೇನೂ ಇರಕೂಡದಂತೆ! ಬೆಂಕಿ ಬೀಳಲಿ ಆ ಅಚ್ಚುಕಟ್ಟಿಗೆ.

ಒಮ್ಮೆ ಅವಳು ಬಾಯಿಬಿಟ್ಟೇ ಕೇಳಿದ್ದಳು, ಗುಬ್ಬಿಯ ಜೊತೆ ನನ್ನದೂ ಒಂದು ತೆಗೀರಿ ಅಂತ. ಬೆಳಕು ಹೋಗ್ತಿದೆ, ನಾಳೆ ನೋಡೋಣ ಅಂದ. ಮರುದಿನ ಕೇಳಿದಾಗಲೂ ನಾಳೆಯೇ. ಮೂರನೇ ಸಲ ಅವಳು ಕೇಳಲಿಲ್ಲ. ಒಂದು ಬೆಳಗ್ಗೆ, ಒಳ್ಳೆ ಬಿಸಿಲಿದೆ ಏಳೇ ಎಂದು ಎಬ್ಬಿಸಹೋದರೆ ಮೈ ತಣ್ಣಗಿತ್ತು.

ಈಗ ಹುಡುಕಿ ಹುಡುಕಿ ಸೋತು, ತಾನು ತೆಗೆದದ್ದರಲ್ಲೇ ಅತಿ ಚೆಂದದ ಗುಬ್ಬಿಯನ್ನು ತೆರೆದ. ಕಣ್ಣಿನ ಚುಕ್ಕೆಯನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಚುಕ್ಕೆ ಬಿಳಿ ಹಾಳೆಯಾಯಿತು. ಹಾಳೆಯ ಅಂಚಿಗೆ ನಸುಗಪ್ಪು ಬೆರಳಿನಂಥದ್ದೇನೋ ಕಂಡಿತು. ಅದರ ಮೇಲಕ್ಕೆ ಬರೀ ಆಕಾಶ.

ಮಗಳು ಹಿಂದೆ ಬಂದು ನಿಂತಳು. ಇದೇನಪ್ಪ ಎಂದು ಕೇಳಿದಳು.

"ನಿಮ್ಮಮ್ಮ ಕಣೇ. ಹಾಳೆ ಹಿಡ್ಕೊಂಡು ಕೂತಿದಾಳೆ."

ಮಗಳು ಬಗ್ಗಿ ಬಹಳ ಹೊತ್ತು ನೋಡಿದಳು. "ಮುಖವೇ ಇಲ್ವಲ್ಲಪ್ಪ."

ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ತಲೆ ಆಚೆ ತಗೋ ಅಂದಿದ್ದೆ. ಅವತ್ತೊಂದಿನ ನನ್ನ ಮಾತು ಕೇಳಿಬಿಟ್ಟಿದಾಳೆ."