ಹದಿನೈದು ದಿನ ಪ್ರಶ್ನೆಯಿಲ್ಲ

ಈಗಿನ ತಾಯಂದಿರಿಗೆ ಮದುವೆ ಸೀರೆ ಆರಿಸಲು ಹಿಡಿಯುವುದಕ್ಕಿಂತ ಹೆಚ್ಚು ಹೊತ್ತು ಮಕ್ಕಳ ಪಾಠ ಆರಿಸಲು ಹಿಡಿಯುತ್ತದೆ ಎಂಬುದು ಬಸವಣ್ಣೆವ್ವನ ದೂರು. ಸೊಸೆ ರೇಣು ಮೂರು ವಾರದಿಂದ ಲ್ಯಾಪ್‌ಟಾಪ್ ಮುಂದೆ ಕೂತು ಪಠ್ಯಕ್ರಮ ಹುಡುಕುತ್ತಿದ್ದಳು. ಅದೂ ಕನ್ನಡದ್ದಲ್ಲ, ಮರಾಠಿಯದ್ದಲ್ಲ, ಸ್ಪ್ಯಾನಿಷ್ ಭಾಷೆಯದು! ಚಿಂಚವಾಡದ ಎರಡು ಕೋಣೆಯ ಮನೆಯಲ್ಲಿ ಏಳು ವರ್ಷದ ಸಾಯಲಿ ಮತ್ತು ನಾಲ್ಕು ವರ್ಷದ ಮಾಯಾ ಸ್ಪ್ಯಾನಿಷ್ ಕಲಿಯಬೇಕಂತೆ, ಅದೂ ನಕ್ಕು ನಲಿಯುತ್ತ ಕಲಿಯಬೇಕಂತೆ.

ದೂರೇನೋ ನಿಜ, ಆದರೆ ಅದನ್ನು ಬಸವಣ್ಣೆವ್ವ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈ ಹುಡುಕಾಟದ ಹಿಂದಿನ ಸಂಕಟ ಅವಳಿಗೂ ಗೊತ್ತಿತ್ತು. ದೊಡ್ಡ ಮೊಮ್ಮಗಳು ಸಾಯಲಿ ಮಾತು ಬಿಟ್ಟು ಐದು ತಿಂಗಳಾಗಿತ್ತು. ಶಾಲೆಯಲ್ಲಿ ಎಲ್ಲರೆದುರು ನಿಂತು ತನ್ನ ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಹೇಳುವಾಗ ಮಗು ನಡುವೆ ಒಂದು ‘ಭಾಳ’ವನ್ನೂ ಒಂದೆರಡು ಮರಾಠಿ ಮಾತನ್ನೂ ಬೆರೆಸಿಬಿಟ್ಟಿತ್ತು. ತರಗತಿಗೆ ತರಗತಿಯೇ ನಕ್ಕಿತು, ಜೊತೆಗೆ ಟೀಚರೂ ನಕ್ಕರು. ಅವತ್ತಿನಿಂದ ಸಾಯಲಿಯ ಬಾಯಿಗೆ ಬೀಗ ಬಿತ್ತು. ಮನೆಯಲ್ಲೂ ತಲೆಯಾಡಿಸುವುದು, ಬೆರಳು ತೋರಿಸುವುದು, ತೀರಾ ಬೇಕಾದರೆ ತಾಯಿಯ ಕಿವಿಯಲ್ಲಿ ಪಿಸುಗುಡುವುದು, ಅಷ್ಟೇ. ದೀಪಾವಳಿ ರಜೆ ಮುಗಿದ ಮೇಲೆ ರೇಣು ಅವಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸತೊಡಗಿದಳು. ಲೆಕ್ಕ ಬಂತು, ಚಿತ್ರ ಬಂತು, ಮಾತು ಮಾತ್ರ ಬರಲಿಲ್ಲ.

ರೇಣು ಹಿಂಜವಾಡಿಯ ಕಂಪನಿಯೊಂದಕ್ಕೆ ಮನೆಯಿಂದಲೇ ಸ್ಪ್ಯಾನಿಷ್ ಅನುವಾದ ಮಾಡುತ್ತಾಳೆ. ಒಂದು ಮಧ್ಯಾಹ್ನ ಪರದೆಯ ಹಿಂದೆ ಸಣ್ಣ ದನಿ ಕೇಳಿ ಇಣುಕಿದರೆ, ಸಾಯಲಿ ಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಮ್ಮ ಫೋನಿನಲ್ಲಿ ಆಡುವ ಸ್ಪ್ಯಾನಿಷ್ ಮಾತನ್ನೇ ಆಡುತ್ತಿದ್ದಳು: ‘ಓಲಾ, ಓಲಾ, ಗ್ರಾಸಿಯಾಸ್.’ ರೇಣು ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ಓಡಿಬಂದಳು.

“ಅತ್ತ್ಯಾರ, ಆ ಭಾಷಾದಾಗ ಅಕಿಗೆ ಯಾರೂ ನಕ್ಕಿಲ್ಲರೀ. ಅದಕ್ಕ ಅಕಿಗೆ ಅದರ ಹೆದರಿಕಿಲ್ಲ.”

ಬಸವಣ್ಣೆವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಮೊದಲ ಸಲ ಈ ಸ್ಪ್ಯಾನಿಷ್ ಎಂಬುದು ಅವಳಿಗೆ ತಮ್ಮ ಮನೆಯ ಸಂಗತಿ ಎನಿಸಿತು.

ಮೂರು ಪಠ್ಯಕ್ರಮಗಳ ನಮೂನೆ ಬಂದವು. ಮೊದಲನೆಯದು ಫೋನಿನೊಳಗಿನದು. ಬಣ್ಣದ ಮೊಲವೊಂದು ಪ್ರಶ್ನೆ ಕೇಳುತ್ತದೆ. ಉತ್ತರ ಸರಿಯಾದರೆ ನಕ್ಷತ್ರ, ತಪ್ಪಾದರೆ ‘ಟ್ಯಾಂವ್’ ಎಂದು ಸದ್ದು. ಮಾಯಾ ಮೊಲದ ಜೊತೆ ಜಗಳಕ್ಕೇ ನಿಂತಳು. ಸಾಯಲಿ ಮೊದಲ ಸದ್ದಿಗೇ ಎದ್ದುಹೋದಳು. ಎರಡನೆಯದು ದೊಡ್ಡ ಡಬ್ಬಿ. ಮೂವತ್ತಾರು ವಾರಗಳ ವೇಳಾಪಟ್ಟಿ, ವಾರಕ್ಕೊಂದು ಪರೀಕ್ಷೆ, ಕೊನೆಗೊಂದು ಸರ್ಟಿಫಿಕೇಟು. ರೇಣುವಿನ ಮನಸ್ಸು ಅದರ ಮೇಲೆಯೇ ಇತ್ತು. ಅನುವಾದದಲ್ಲಿ ತಪ್ಪು ಹೆಕ್ಕುವುದು ಅವಳ ಹೊಟ್ಟೆಪಾಡು, ತಪ್ಪು ಕಂಡರೆ ತಿದ್ದಲು ಕೈ ತಾನಾಗಿ ಏಳುತ್ತದೆ. ಮೂರನೆಯದು ತೆಳ್ಳನೆಯ ಪುಸ್ತಕ, ಒಂದು ಕಟ್ಟು ಚಿತ್ರದ ಚೀಟಿ, ಕೆಲವು ಹಾಡು. ಮೊದಲ ಹನ್ನೆರಡು ಪಾಠಗಳಲ್ಲಿ ಮಗುವಿಗೆ ಒಂದು ಪ್ರಶ್ನೆಯೂ ಇಲ್ಲ. ದೊಡ್ಡವರು ಹಾಡಬೇಕು, ಕುಣಿಯಬೇಕು, ಅಂಗಡಿ ಆಟ ಆಡಬೇಕು. ಮಗು ಸೇರಿದರೂ ಸರಿ, ಸುಮ್ಮನೆ ನೋಡಿದರೂ ಸರಿ.

“ಇದರಾಗ ಪರೀಕ್ಷಾನ ಇಲ್ಲರೀ,” ಎಂದು ರೇಣು ಅದನ್ನು ಪಕ್ಕಕ್ಕಿಟ್ಟಳು. “ಕಲತಾಳೋ ಇಲ್ಲೋ ತಿಳಿಯೂದು ಹ್ಯಾಂಗ?”

“ಇದನ್ನ ತಗೋ,” ಎಂದಳು ಬಸವಣ್ಣೆವ್ವ. “ಹದಿನೈದು ದಿನ ಹುಡುಗೀನ ಏನೂ ಕೇಳಬ್ಯಾಡ. ‘ನಿನ್ನ ಹೆಸರೇನು’ ಅಂತನೂ ಕೇಳಬ್ಯಾಡ. ನನ್ನ ಬಾಲವಾಡ್ಯಾಗ ಹಿಂಗ ನಡೀತಿತ್ತು.”

ಬಾಲವಾಡಿಯ ಹೆಸರೆತ್ತಿದರೆ ಆ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ. ಮಗ ಅಮರನಂತೂ ಅಲ್ಲೇ ಅ ಆ ತಿದ್ದಿದವನು.

ನಲವತ್ತು ವರ್ಷದ ಹಿಂದಿನ ಮಾತು. ಜಮಖಂಡಿ ಕಡೆಯ ಬಸವಣ್ಣೆವ್ವ ಕಾರ್ಖಾನೆಯ ಫಿಟರ್ ಶಿವಪುತ್ರಪ್ಪನನ್ನು ಮದುವೆಯಾಗಿ ಚಿಂಚವಾಡದ ಕಾರ್ಮಿಕರ ಕಾಲನಿಗೆ ಬಂದವಳು. ಆರು ಸಾಲು ಮನೆ, ಪಾಳಿ ಬದಲಾದಾಗ ಕೂಗುವ ಕಾರ್ಖಾನೆಯ ಭೋಂಗಾ, ಸಂಜೆ ಕಟ್ಟೆಯ ಮೇಲೆ ನಾಲ್ಕು ಭಾಷೆಯ ಹೆಂಗಸರು. ಈಗ ಅಲ್ಲಿ ಇಪ್ಪತ್ತು ಮಹಡಿಯ ಕಟ್ಟಡ ಎದ್ದಿದೆ. ಆ ದಾರಿಯಲ್ಲಿ ರಿಕ್ಷಾ ಹೋದರೆ ಅವಳು ಈಗಲೂ ಮುಖ ಆಚೆ ತಿರುಗಿಸಿಕೊಳ್ಳುತ್ತಾಳೆ. ಆ ಕಾಲನಿಯ ಮಹಿಳಾ ಮಂಡಳದವರು ಊರೂರಿಂದ ಬಂದ ಕೂಲಿಕಾರರ ಮಕ್ಕಳನ್ನು ಮರಾಠಿ ಶಾಲೆಗೆ ಅಣಿಗೊಳಿಸಲು ಬಾಲವಾಡಿ ತೆರೆದರು. ಟೀಚರು ಬೇಕಾಗಿದ್ದರು. ಏಳನೆಯ ಇಯತ್ತೆ ಓದಿದ್ದ ಬಸವಣ್ಣೆವ್ವ ಹೋಗಿ ನಿಂತಳು. “ಮರಾಠೀ ಯೇತೆ ಕಾ?” ಮರಾಠಿ ಬರುತ್ತದೆಯೇ ಎಂದು ಕೇಳಿದರು ಅಧ್ಯಕ್ಷೆ. “ಹೋ,” ಎಂದುಬಿಟ್ಟಳು. ಅವಳಿಗೆ ಆಗ ಖಾತ್ರಿಯಾಗಿ ಬರುತ್ತಿದ್ದ ಮರಾಠಿ ಆ ಒಂದು ಅಕ್ಷರವೇ.

ಮರುದಿನ ತಗಡಿನ ಸೂರಿನ ಕೆಳಗೆ ಇಪ್ಪತ್ತೆರಡು ಮಕ್ಕಳು ಅವಳ ಮುಖ ನೋಡುತ್ತ ಕೂತಿದ್ದವು. ಏನಾದರೂ ಕೇಳಿದರೆ ಯಾವುದಾದರೂ ಮಗು ಸರಸರ ಮರಾಠಿಯಲ್ಲಿ ಉತ್ತರ ಕೊಟ್ಟುಬಿಟ್ಟರೆ? ಅದು ತನಗೆ ತಿಳಿಯದಿದ್ದರೆ? ಆ ಭಯಕ್ಕೆ ಅವಳು ಹದಿನೈದು ದಿನ ಮಕ್ಕಳನ್ನು ಏನೊಂದೂ ಕೇಳಲಿಲ್ಲ. ಹಾಡಿದಳು, ಕುಣಿಸಿದಳು, ಲೋಕಲ್ ರೈಲು ಹೋದಾಗಲೆಲ್ಲ ಎಲ್ಲರನ್ನೂ ಬೇಲಿಗೆ ಕರೆದೊಯ್ದು ಡಬ್ಬಿ ಎಣಿಸಿದಳು. ಹರಳು ಬಟಾಟೆ, ಹುಣಸೆ ಎಲೆ ಕೊತ್ತಂಬರಿ ಎಂದಿಟ್ಟು ಕಾಯಿಪಲ್ಲೆ ಮಂಡಿಯ ಆಟ ಹೂಡಿದಳು. ತಾನೇ ಗಿರಾಕಿ. ಕೇಳುವುದು ಒಂದು, ಎತ್ತಿಕೊಳ್ಳುವುದು ಇನ್ನೊಂದು. ಬೀದಿಯಲ್ಲಿ ಮರಾಠಿ ಕಲಿತ ಮಕ್ಕಳು ಕಿರುಚಿ ಸರಿಯಾದ ಹೆಸರು ಹೇಳುತ್ತಿದ್ದವು, ಅವಳು ಅದನ್ನು ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದಳು. ಮೂಕಿಯಂತೆ ಕೂತಿದ್ದ ತೆಲುಗು ಹುಡುಗಿಯೊಂದು ಹದಿನಾರನೆಯ ದಿನ ಎದ್ದುನಿಂತು, ತಪ್ಪು ಕಾಯಿ ಎತ್ತಿಕೊಂಡದ್ದಕ್ಕೆ ಬಸವಣ್ಣೆವ್ವನನ್ನು ಮರಾಠಿಯಲ್ಲಿ ಗದರಿತು. ಮಂಡಳದವರು ಬಾಗಿಲಲ್ಲಿ ನಿಂತು ನೋಡಿ ಬೆರಗಾದರು. ಬೇರೆ ಬಾಲವಾಡಿಗಳ ಟೀಚರುಗಳು ‘ಬಸವಣ್ಣೆವ್ವಬಾಯಿಯವರ ಪದ್ಧತಿ’ ನೋಡಲು ಬಂದರು. ಅವಳು ಗಂಭೀರವಾಗಿ ಸೆರಗು ಹೊದ್ದುಕೊಂಡು ತೋರಿಸಿದಳು. ಅದು ಪದ್ಧತಿಯಲ್ಲ, ಭಯ ಎಂದು ಅಲ್ಲಿ ಕಲಿಸಿದ ಇಪ್ಪತ್ತಾರು ವರ್ಷವೂ ಯಾರಿಗೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ತೀರಿಕೊಂಡ ಶಿವಪುತ್ರಪ್ಪನಿಗೂ ಹೇಳಲಿಲ್ಲ. ಅವಳ ಬದುಕಿನ ಸಿಹಿ ದಿನಗಳೆಲ್ಲ ಆ ತಗಡಿನ ಸೂರಿನ ಕೆಳಗಿನವು, ಆದರೆ ಅವುಗಳ ಬುಡದಲ್ಲಿ ಈ ಸಣ್ಣ ಮುಳ್ಳು ಉಳಿದೇ ಇತ್ತು.

ಪಾಠ ಶುರುವಾಯಿತು. ಸೋಫಾ ಸರಿಸಿ ರೇಣು ಹಾಡಿದಳು, ಮಾಯಾ ಕುಣಿದಳು, ಮೊಣಕಾಲು ಹಿಡಿದುಕೊಂಡು ಬಸವಣ್ಣೆವ್ವನೂ ಕುಣಿದಳು. ಸಾಯಲಿ ಮೂಲೆಯಲ್ಲಿ ಗೊಂಬೆ ಅಪ್ಪಿಕೊಂಡು ನೋಡುತ್ತಿದ್ದಳು. ಆರನೆಯ ದಿನ ರೇಣುವಿಗೆ ತಡೆಯಲಾಗಲಿಲ್ಲ. ಚೀಟಿಯೊಂದನ್ನು ಎತ್ತಿ ಹಿಡಿದು, “ಸಾಯಲೀ, ಇದಕ್ಕೇನಂತಾರ ಹೇಳು ಪುಟ್ಟಾ?” ಎಂದು ಕೇಳಿಯೇಬಿಟ್ಟಳು. ಮಗು ಮಂಚದ ಕೆಳಗೆ ಸೇರಿ ಊಟದ ಹೊತ್ತಿನವರೆಗೂ ಹೊರಗೆ ಬರಲಿಲ್ಲ.

“ಮತ್ತ ಒಂದರಿಂದ ಎಣಿಸು,” ಎಂದಳು ಬಸವಣ್ಣೆವ್ವ, ಸಿಟ್ಟಿನಿಂದ.

ರೇಣು ಎಣಿಸಿದಳು. ಹತ್ತಾಯಿತು, ಹನ್ನೆರಡಾಯಿತು. ಏನೂ ಆಗಲಿಲ್ಲ. ಹದಿಮೂರನೆಯ ದಿನ ಅವಳು ಪರೀಕ್ಷೆಯ ಡಬ್ಬಿಯನ್ನು ಮತ್ತೆ ಕೆಳಗಿಳಿಸಿ ಮೇಜಿನ ಮೇಲಿಟ್ಟಳು. ತನ್ನ ಹಳೆಯ ಭಯವನ್ನು ಮಹಾ ಜ್ಞಾನವೆಂದು ನಂಬಿಸಿ, ಮಗುವಿನ ಇಷ್ಟೊಂದು ದಿನ ಹಾಳು ಮಾಡಿದೆನೇ ಎಂದು ಬಸವಣ್ಣೆವ್ವ ಹಳಹಳಿಸಿದಳು.

ಹದಿನಾಲ್ಕನೆಯ ದಿನ ಬೆಳಿಗ್ಗೆ ಮಂಡಿಯ ಆಟ. ಮಾಯಾ ವ್ಯಾಪಾರಗಿತ್ತಿ, ಮುಂದೆ ಅಡುಗೆಮನೆಯ ತರಕಾರಿ ಬುಟ್ಟಿ. ಬಸವಣ್ಣೆವ್ವ ಚೀಲ ಹಿಡಿದು ಬಂದು “ಸೆಬೋಯಾ” ಎಂದು ಕೇಳಿ, ಬುಟ್ಟಿಗೆ ಕೈಹಾಕಿ ಗಜ್ಜರಿ ಎತ್ತಿಕೊಂಡಳು. ಅದು ಬೇಕೆಂದೇ ಮಾಡಿದ್ದಲ್ಲ. ಅರವತ್ತೇಳರ ತಲೆಯಲ್ಲಿ ಹೊಸ ಹೆಸರುಗಳು ನಿಲ್ಲುತ್ತಲೇ ಇರಲಿಲ್ಲ. ಮಾಯಾ ಬದನೆಕಾಯಿಗೆ ಟೋಪಿ ಹಾಕುವುದರಲ್ಲಿ ಮುಳುಗಿದ್ದಳು. ಬಸವಣ್ಣೆವ್ವ ಸರಿಯೋ ತಪ್ಪೋ ತಿಳಿಯದೆ ಗಜ್ಜರಿ ಹಿಡಿದು ನಿಂತಳು.

“ಅದಲ್ಲ ಅಜ್ಜೀ!”

ದನಿ ಮೂಲೆಯಿಂದ ಬಂತು, ಗಟ್ಟಿಯಾಗಿ, ಇಡೀ ಮನೆಗೆ ಕೇಳುವಂತೆ.

“ಅದು ಗಜ್ಜರಿ. ಸೆಬೋಯಾ ಅಂದ್ರ ಉಳ್ಳಾಗಡ್ಡಿ. ದಿನಾ ಹಾಡತೇವಲ್ಲ, ಭಾಳ ಮರೀತಿ ನೀ!”

ಬಾಗಿಲಲ್ಲಿದ್ದ ರೇಣು ಬಾಯಿ ತೆರೆದಳು. ಬಸವಣ್ಣೆವ್ವ ಕಣ್ಣಿನಲ್ಲೇ ತಡೆದಳು. ಸಾಯಲಿ ಗೊಂಬೆಯನ್ನು ಬಿಟ್ಟು ಎದ್ದುಬಂದು, ಅಜ್ಜಿಯ ಕೈಯಿಂದ ಗಜ್ಜರಿ ಕಿತ್ತುಕೊಂಡು ಉಳ್ಳಾಗಡ್ಡಿ ಇಟ್ಟಳು. ಆಮೇಲೆ ಅವಳ ಮುಖವನ್ನೇ ದಿಟ್ಟಿಸಿದಳು.

“ನಿನಗ ಖರೇನ ಗೊತ್ತಿಲ್ಲೇನು? ಸುಳ್ಳಸುಳ್ಳ ಮಾಡಾಕತ್ತೀಯೇನು?”

ನಲವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಬಸವಣ್ಣೆವ್ವನ ಕಣ್ಣು ತುಂಬಿ ಬಂತು. ಸೊಸೆ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಗೊತ್ತಿದ್ದೂ ಹೇಳಿದಳು: “ಖರೇನ ಗೊತ್ತಿಲ್ಲವ್ವಾ. ಬಾಲವಾಡ್ಯಾಗೂ ನನಗ ಏನೂ ಗೊತ್ತಿದ್ದಿಲ್ಲ. ಭಾಳ ಹೆದರಿದ್ದೆ.”

ಸಾಯಲಿ ಅಜ್ಜಿಯ ಸೆರಗು ಹಿಡಿದೆಳೆದು ಬುಟ್ಟಿಯ ಮುಂದೆ ಕೂರಿಸಿ, ತಾನೂ ಎದುರಿಗೆ ಕೂತಳು.

“ನಾ ಕಲಸತೀನಿ, ಬಾ. ಹೆದರಬ್ಯಾಡ ಅಜ್ಜೀ, ನೀ ತಪ್ಪಿದ್ರ ನಾ ನಗೂದಿಲ್ಲ.”