ಒಂದು ಮೊಳೆಗೆ ಅನುಮತಿ

ನಮ್ಮ ಅಕ್ಕ ಹದಿನಾಲ್ಕು ವರ್ಷ ಅಮ್ಮನ ಫೋಟೋವನ್ನು ಫ್ರಿಜ್ಜಿನ ಮೇಲೆ ಇಟ್ಟಿದ್ದಳು. ಮಲೇಷ್ಯಾದ ಸುಬಾಂಗ್ ಜಯಾದಲ್ಲಿದ್ದ ನಮ್ಮ ಬಾಡಿಗೆ ಮನೆಯ ಯಜಮಾನ, ಒಬ್ಬ ಚೀನೀ ಮುದುಕ, ಗೋಡೆಗೆ ಮೊಳೆ ಹೊಡೆಯಕೂಡದು ಅಂತ ಕರಾರಿನಲ್ಲೇ ಬರೆಸಿಕೊಂಡಿದ್ದ. ಮನುಷ್ಯ ಒಳ್ಳೆಯವನೇ. ತಮ್ಮ ಹೊಸವರ್ಷಕ್ಕೆ ತಪ್ಪದೆ ಕಿತ್ತಳೆ ತಂದುಕೊಡುತ್ತಿದ್ದ, ಕೊಟ್ಟು ಹೊರಡುವ ಮುಂಚೆ ಗೋಡೆಗಳ ಮೇಲೊಮ್ಮೆ ಕಣ್ಣಾಡಿಸುತ್ತಿದ್ದ. ಫ್ರಿಜ್ಜಿನ ಬಾಗಿಲು ಜೋರಾಗಿ ಹಾಕಿದರೆ ಅಮ್ಮ ಮುಗ್ಗರಿಸುತ್ತಿದ್ದಳು. ಎರಡು ಸಲ ಗಾಜು ಒಡೆದಿತ್ತು. ಎರಡು ಸಲವೂ ನನ್ನಿಂದಲೇ. ನನಗೆ ಸಿಟ್ಟು ಬಂದರೆ ಮನೆಯ ಬಾಗಿಲುಗಳಿಗೆ ಉಳಿಗಾಲವಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಕೌಲಾಲಂಪುರದ ಆಸ್ಪತ್ರೆಯೊಂದರ ಲ್ಯಾಬಿಗೆ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಬಂದವಳು ಇಲ್ಲೇ ನಿಂತಳು, ಕಾಯಂ ಆಗಿ ಇರುವ ಕಾರ್ಡನ್ನೂ ಪಡೆದಳು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಅನ್ನುತ್ತಿದ್ದಳು. ಅಮ್ಮ ಹೋದ ಮೇಲೆ ನನಗೆ ಅವಳೇ ಅಮ್ಮ. ನನ್ನ ಮದುವೆ ಮುರಿದು ನಾನು ಹಾಸನದಲ್ಲಿ ಚಿಕ್ಕಮ್ಮನ ಮನೆಯ ಮೂಲೆ ಹಿಡಿದು ಕೂತಿದ್ದಾಗ ಒಂದು ದಿನ ಫೋನ್ ಮಾಡಿದಳು. ಇಲ್ಲಿ ಒಂದು ಕಾಲೇಜಿಗೆ ಗಣಿತ ಹೇಳಿಕೊಡುವವರು ಬೇಕಂತೆ, ಅಳುವುದು ಮುಗಿದಿದ್ದರೆ ಅರ್ಜಿ ಹಾಕು ಅಂದಳು. ಮುಗಿದಿರಲಿಲ್ಲ. ಆದರೂ ಹಾಕಿದೆ.

ಅಲ್ಲಿಂದ ಹದಿನಾಲ್ಕು ವರ್ಷ ನಾವಿಬ್ಬರೇ. ಅವಳಿಗೆ ಒಂದೇ ಒಂದು ಆಸೆಯಿತ್ತು. ಸಾಯುವುದರೊಳಗೆ ಸ್ವಂತ ಗೋಡೆಗೆ ಒಂದು ಮೊಳೆ ಹೊಡೆದು ಅಮ್ಮನನ್ನು ಆ ಫ್ರಿಜ್ಜಿನ ಮೇಲಿಂದ ಇಳಿಸಬೇಕು. ತಮಾಷೆ ಮಾಡುತ್ತಲೇ ಹೇಳುತ್ತಿದ್ದಳು, ಆದರೆ ಅದು ತಮಾಷೆಯಲ್ಲ ಅಂತ ನನಗೆ ಗೊತ್ತಿತ್ತು.

ಪೂರ್ತಿ ಮನೆ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಲ್ಯಾಬಿನಲ್ಲಿ ಯಾರೋ ಪಾಲುಮನೆಯ ವಿಷಯ ಹೇಳಿದರು. ಅರ್ಧ ನಮ್ಮದು, ಅರ್ಧ ಕಟ್ಟಿದ ಕಂಪನಿಯದು. ಅವರ ಅರ್ಧಕ್ಕೆ ಬಾಡಿಗೆ ಕೊಡುತ್ತ, ಕೈಯಲ್ಲಿ ಆದಾಗ ಅದನ್ನೂ ಸ್ವಲ್ಪ ಸ್ವಲ್ಪವೇ ಕೊಂಡುಕೊಳ್ಳಬಹುದು. ಕಟ್ಟಡ ಇದ್ದದ್ದು ಹಿಂದೆ ರೈಲ್ವೆ ಕ್ವಾರ್ಟರ್ಸ್ ಇದ್ದ ಹಳೆಯ ಪೇಟೆಯಲ್ಲಿ. ಸಾಲುಮನೆಗಳನ್ನು ಕೆಡವಿ ಮೂವತ್ತು ಮಹಡಿ ಎಬ್ಬಿಸಿದ್ದರು. ಉಳಿದ ಗೋಡೆಗಳ ಮೇಲೆ ಹುಲಿ, ಸೈಕಲ್ಲು, ಹೂ ಕಟ್ಟುವ ಮುದುಕಿಯರ ಚಿತ್ರ ಬರೆಸಿದ್ದರು. ನಿಜವಾದ ಮುದುಕಿಯರು ಊರಾಚೆಯ ಫ್ಲ್ಯಾಟುಗಳಿಗೆ ಹೋಗಿಯಾಗಿತ್ತು. ಒಂದು ಹಿಟ್ಟಿನ ಗಿರಣಿ, ತಮಿಳು ಮುಸ್ಲಿಮರ ಒಂದು ಮಾಮಕ್ ತಿಂಡಿ ಅಂಗಡಿ ಮಾತ್ರ ಹೊಸ ಕಾಫಿ ಅಂಗಡಿಗಳ ಮಧ್ಯೆ ಪಟ್ಟು ಬಿಡದೆ ಉಳಿದಿದ್ದವು. ಅಕ್ಕನಿಗೆ ಅಷ್ಟೇ ಸಾಕಾಯಿತು. ಗಿರಣಿಯ ಮುಂದೆ ನಿಂತು ಮೆಣಸಿನಪುಡಿಯ ಘಾಟಿಗೆ ನಾಲ್ಕು ಸಲ ಸೀನಿ, ಇಲ್ಲೇ ಕಣೇ, ಅಂದಳು.

ಸಹಿ ಹಾಕುವ ದಿನ ಕಾಗದಗಳನ್ನು ಪೂರ್ತಿ ಓದಿದವಳೂ ಅವಳೇ. ನಾನು ಗಣಿತದವಳಾದರೂ ಅಷ್ಟು ತಾಳ್ಮೆ ನನಗಿಲ್ಲ. ಕೊನೆಯ ಪುಟದಲ್ಲಿ ಒಂದು ಷರತ್ತು ಸಿಕ್ಕಿತು. ಮನೆಯಲ್ಲಿ ಕಂಪನಿಯ ಪಾಲು ಇರುವವರೆಗೆ ಗೋಡೆಗೆ ಮೊಳೆ ಹೊಡೆಯುವುದಕ್ಕೂ ಲಿಖಿತ ಅನುಮತಿ ಬೇಕು. ನನಗೆ ಮೈ ಉರಿಯಿತು. ಅಕ್ಕ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು, ಎದುರಿಗಿದ್ದ ಮಲಯ್ ಹುಡುಗಿಯನ್ನು ಬಹಳ ಗಂಭೀರವಾಗಿ ಕೇಳಿದಳು: ನಮ್ಮ ಅರ್ಧ ಯಾವುದು, ಅಡುಗೆಮನೆ ನಮ್ಮದಾದರೆ ನಮ್ಮಮ್ಮನನ್ನು ಅಡುಗೆಮನೆಯಲ್ಲೇ ತೂಗುಹಾಕುತ್ತೇವೆ. ಪಾಪ, ಹುಡುಗಿ ನಿಜವೆಂದುಕೊಂಡು ಒಳಗೆ ಹೋಗಿ ಮೇಲಿನವರನ್ನು ಕೇಳಿಕೊಂಡು ಬಂದಳು. ಪ್ರತಿ ಗೋಡೆಯೂ ಅರ್ಧರ್ಧ ಅಂತ ವಿವರಿಸಿದಳು. ಹಾಗಾದರೆ ಅರ್ಜಿ ಕೊಡಮ್ಮ ಅಂದು ಅಕ್ಕ ಅಲ್ಲೇ ಕೂತು ತುಂಬಿದಳು. ಒಂದು ಮೊಳೆ, ತಾಯಿಯ ಭಾವಚಿತ್ರಕ್ಕೆ. ಯಾವ ಗೋಡೆ ಎನ್ನುವ ಕಡೆ ನನ್ನ ಮುಖ ನೋಡಿದಳು. ತೀರಿಕೊಂಡವರದು ದಕ್ಷಿಣದ ಗೋಡೆಗೆ ಅಂದೆ. ನಮ್ಮ ಮನೆಯಲ್ಲಿ ಶಾಸ್ತ್ರ ಸಂಪ್ರದಾಯದ ಖಾತೆ ನನ್ನದು, ಗೇಲಿ ಮಾಡುವ ಖಾತೆ ಅವಳದು.

ಕೀ ಕೈಗೆ ಬಂದದ್ದು ಆಷಾಢದ ಎರಡನೆಯ ದಿನ.

ಇದನ್ನು ಇಲ್ಲಿನ ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಆಷಾಢದಲ್ಲಿ ಹೊಸ ಮನೆಗೆ ಕಾಲಿಡುವುದಿಲ್ಲ, ಅಷ್ಟೇ. ನಾನು ಒಂದು ಸಲ ಇಟ್ಟಿದ್ದೆ. ಗಂಡನಿಗೆ ರಜೆ ಸಿಗುವುದು ಅದೇ ವಾರ ಅಂತ ಆಷಾಢದಲ್ಲೇ ಹಾಲುಕ್ಕಿಸಿ ಸಂಸಾರ ಹೂಡಿದ್ದೆವು. ಮೂರು ವರ್ಷ ಬಾಳಲಿಲ್ಲ. ಅದಕ್ಕೆ ಕಾರಣ ಆಷಾಢವಲ್ಲ, ಅವನು ಮತ್ತು ನಾನು ಅಂತ ತಲೆಗೆ ಗೊತ್ತು. ಹೊಟ್ಟೆಯೊಳಗಿನ ಹೆದರಿಕೆಗೆ ಗೊತ್ತಾಗುವುದಿಲ್ಲ.

ಕೀ ಕೊಟ್ಟ ಆಫೀಸು ನಮ್ಮ ಕಟ್ಟಡದ ಕೆಳಗೇ ಇತ್ತು. ಲಿಫ್ಟಿಗೆ ಹತ್ತು ಹೆಜ್ಜೆ. ನಮ್ಮದು ಹತ್ತೊಂಬತ್ತನೆಯ ಮಹಡಿ. ಕೊಳ್ಳುವ ಮುಂಚೆ ನಾವು ನೋಡಿದ್ದು ಬೇರೆ ಕಡೆ ಕಟ್ಟಿದ್ದ ಮಾದರಿ ಮನೆಯನ್ನು, ನಮ್ಮ ಮನೆಯನ್ನಲ್ಲ. ಅಕ್ಕ ಆಗಲೇ ಲಿಫ್ಟಿನ ಕಡೆ ತಿರುಗಿದ್ದಳು. ಸುಮ್ಮನೆ ನೋಡಿಕೊಂಡು ಬರೋಣ ಅಂದಳು. ನಾನು ಅವಳ ಸೆರಗು ಹಿಡಿದುಕೊಂಡೆ. ಐವತ್ತರ ಹೆಂಗಸು, ಅಷ್ಟು ಜನರ ಎದುರು, ಮಗುವಿನ ಹಾಗೆ.

“ಅಕ್ಕ, ಶ್ರಾವಣ ಬರ್ಲಿ. ಇದೊಂದು ಮಾತು ನಡೆಸ್ಕೊಡು.”

ಅವಳು ಲಿಫ್ಟನ್ನು ನೋಡಿದಳು, ನನ್ನನ್ನು ನೋಡಿದಳು. “ನಮ್ದು ಅರ್ಧ ಮನೆ ತಾನೇ? ಅರ್ಧ ಆಷಾಢ ಸಾಲ್ದಾ?”

ನಾನು ನಗಲಿಲ್ಲ. ಅವಳು ಸರಿ ಬಿಡು, ಮಾತು ಕೊಟ್ಟೆ ಅಂದಳು. ಕೀ ಎರಡು ಜೊತೆ ಕೊಟ್ಟಿದ್ದರು. ತನ್ನ ಜೊತೆಯನ್ನು ಲ್ಯಾಬಿನ ಕಪಾಟಿನ ಕೀಗೊಂಚಲಿಗೆ ಸೇರಿಸಿಕೊಂಡಳು.

ಮರುದಿನವೇ ಸುತ್ತಿಗೆ ಬಂತು. ಜೊತೆಗೆ ಗಟ್ಟಿ ಗೋಡೆಗೆ ಹೊಡೆಯುವ ಮೊಳೆಯ ಒಂದು ಪೊಟ್ಟಣ. ಊಟದ ಮೇಜಿನ ಮೇಲೆ ಎರಡನ್ನೂ ಒಡವೆಯ ಹಾಗೆ ಬಿಚ್ಚಿ ತೋರಿಸಿದಳು. ಟೇಪು ಹಿಡಿದು ಅಮ್ಮನ ಫೋಟೋದ ಉದ್ದ ಅಗಲ ಅಳೆದು ಚೀಟಿಯಲ್ಲಿ ಬರೆದಳು. ಅಲ್ಲಿಂದ ಆಚೆ ಕೆಲವು ಸಂಜೆ ಮನೆಗೆ ಬರುವುದು ತಡವಾಗತೊಡಗಿತು. ಕೇಳಿದರೆ ಟ್ರೇನು ರಶ್ಶು ಅನ್ನುವಳು. ಒಂದು ದಿನ ತಪಾವ್ ಅಂತ ಪೊಟ್ಟಣ ಕಟ್ಟಿಸಿಕೊಂಡು ಬಂದ ರೊಟ್ಟಿ ಚೆನಾಯ್ ಪರೋಟ ಬಿಚ್ಚಿದರೆ ಸಾರು ನಮ್ಮ ಬೀದಿಯ ಅಂಗಡಿಯದಲ್ಲ. ಹೊಸ ಮನೆಯ ಹತ್ತಿರದ ಆ ಮಾಮಕ್‌ನದು. ಕರಿಬೇವು ಅಷ್ಟು ಧಾರಾಳವಾಗಿ ಹಾಕುವವನು ಅವನೊಬ್ಬನೇ.

ನನಗೆ ತಲೆಗೇರಿತು. ಮನೆ ನೋಡಕ್ಕೆ ಹೋಗಿದ್ಯಾ ಅಂತ ಕೇಳಿದೆ. ಇಲ್ಲ ಕಣೇ, ಒಳಗೆ ಹೋಗಿಲ್ಲ ಅಂದಳು. ಅಲ್ಲಿಯ ತನಕ ಹೋದವಳು ಒಳಗೆ ಹೋಗದೆ ಇರುತ್ತಾಳೆಯೇ? ನನಗೆ ನಂಬಿಕೆ ಬರಲಿಲ್ಲ. ನಿನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ ಅಂದುಬಿಟ್ಟೆ. ನನ್ನ ಬಾಳು ಹಾಳಾದದ್ದನ್ನು ಕಣ್ಣಾರೆ ನೋಡಿಯೂ ನಿನಗೆ ಇದು ಆಟವಾಯಿತಲ್ಲ ಅಂತಲೂ ಅಂದೆ. ಅಕ್ಕ ರೊಟ್ಟಿಯನ್ನು ಎರಡು ತಟ್ಟೆಗೆ ಹಾಕಿದಳು. ನಾನು ತಿನ್ನಲಿಲ್ಲ. ಎರಡು ದಿನ ಅವಳೊಡನೆ ಮಾತು ಬಿಟ್ಟೆ.

ಆ ಎರಡು ದಿನವನ್ನು ಯಾರಾದರೂ ನನಗೆ ವಾಪಸು ಕೊಟ್ಟರೆ ನನ್ನ ಉಳಿದ ಆಯಸ್ಸನ್ನೆಲ್ಲ ಅವರ ಕಾಲ ಬಳಿ ಇಟ್ಟುಬಿಡುತ್ತೇನೆ.

ಆಷಾಢದ ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಲ್ಯಾಬಿನಲ್ಲಿ ಕುರ್ಚಿಯ ಮೇಲೆ ಕೂತಿದ್ದಂತೆಯೇ ಅಕ್ಕನ ಹೃದಯ ನಿಂತಿತು. ಆಸ್ಪತ್ರೆಯೊಳಗೇ ಇದ್ದಳು, ಡಾಕ್ಟರುಗಳು ಓಡಿಬಂದರು, ಆದರೂ ಉಳಿಯಲಿಲ್ಲ. ನಾನು ತರಗತಿಯಲ್ಲಿ ಲೆಕ್ಕ ಬಿಡಿಸುತ್ತಿದ್ದೆ. ಫೋನು ಚೀಲದೊಳಗೆ ಅದುರುತ್ತಲೇ ಇತ್ತು. ಅಕ್ಕನೇ ರಾಜಿ ಮಾಡಿಕೊಳ್ಳಲು ಫೋನ್ ಮಾಡುತ್ತಿದ್ದಾಳೆ ಅಂದುಕೊಂಡು, ಸ್ವಲ್ಪ ಕಾಯಲಿ ಅಂತ ಎತ್ತಲಿಲ್ಲ.

ಬೆಂಕಿ ಕೊಟ್ಟವಳೂ ನಾನೇ, ಅಸ್ಥಿಯನ್ನು ಸಮುದ್ರಕ್ಕೆ ಬಿಟ್ಟವಳೂ ನಾನೇ. ತಮಿಳು ಪುರೋಹಿತರು ಹೇಳಿಕೊಟ್ಟಂತೆ ಎಲ್ಲವನ್ನೂ ಮಾಡಿದೆ. ಹದಿಮೂರು ದಿನ ಒಂದೇ ಒಂದು ಯೋಚನೆ ಹಿಡಿದುಕೊಂಡು ಬದುಕಿದೆ. ಅಕ್ಕ ಸುಳ್ಳು ಹೇಳಿರಲಿ. ಕದ್ದು ಮೇಲೆ ಹೋಗಿರಲಿ, ಬಾಗಿಲು ತೆಗೆದಿರಲಿ, ಕಿಟಕಿಯಲ್ಲಿ ನಿಂತು ಊರನ್ನೆಲ್ಲ ನೋಡಿ ನನಗೆ ನಾಲಿಗೆ ಚಾಚಿ ಅಣಕಿಸಿರಲಿ. ಮಾತು ಮುರಿದಳೆಂದು ಬೈದವಳೇ ನಾನು, ಈಗ ಮುರಿದಿರಲಿ ಅಂತ ದೇವರಿಗೆ ಕೈ ಮುಗಿಯುತ್ತಿದ್ದೆ.

ಹದಿಮೂರನೆಯ ದಿನ ಹಾಸನದಿಂದ ಚಿಕ್ಕಮ್ಮ ಫೋನ್ ಮಾಡಿದರು. ಅತ್ತರು, ಸಮಾಧಾನ ಹೇಳಿದರು. ಕೊನೆಗೆ, ಸಾವಾದ ಮನೆ, ಇನ್ನು ವರ್ಷ ತುಂಬುವವರೆಗೆ ಗೃಹಪ್ರವೇಶದ ಮಾತೆತ್ತಬೇಡ, ಬೀಗ ಹಾಕಿಡು ಅಂದರು. ಆಗಲಿ ಚಿಕ್ಕಮ್ಮ ಅಂದೆ. ಅದೇ ಸಂಜೆ ಟಪಾಲು ಡಬ್ಬಿಯಲ್ಲಿ ಅಕ್ಕನ ಹೆಸರಿಗೆ ಕಂಪನಿಯ ಲಕೋಟೆ ಸಿಕ್ಕಿತು. ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ, ದಕ್ಷಿಣದ ಗೋಡೆಗೆ ಒಂದು ಮೊಳೆ ಹೊಡೆಯಲು ಅನುಮತಿ ನೀಡಲಾಗಿದೆ. ಕೆಳಗೆ ಸಹಿ, ಮೊಹರು. ಕಾಗದ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಇನ್ನೂ ಒಂದು ವರ್ಷ ಯಾರಿಗೋಸ್ಕರ ಕಾಯಬೇಕು? ಕಾದು ಕಾದು ನಾನು ಉಳಿಸಿಕೊಂಡದ್ದು ಏನು?

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಹೊರಟೆ. ಚೀಲದಲ್ಲಿ ಅಕ್ಕನ ಕೀಗೊಂಚಲು, ಸುತ್ತಿಗೆ, ಮೊಳೆಯ ಪೊಟ್ಟಣ, ಅಳತೆಯ ಚೀಟಿ, ಅಮ್ಮನ ಫೋಟೋ. ಹದಿಮೂರನೆಯ ದಿನಕ್ಕೆಂದು ಲ್ಯಾಬಿನವರು ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿಕೊಟ್ಟ ಅಕ್ಕನ ಫೋಟೋ.

ಗೇಟಿನಲ್ಲಿ ಕಾವಲಿದ್ದವನು ಅದೇ ಜಾಗದಲ್ಲಿ ಹುಟ್ಟಿದ ತಮಿಳು ಮನುಷ್ಯ. ಅವನ ಅಪ್ಪನಿಗೆ ರೈಲ್ವೆಯವರು ಕೊಟ್ಟ ಮನೆ ಇದ್ದ ಕಡೆ ಈಗ ಕಾರು ನಿಲ್ಲಿಸುತ್ತಾರೆ. ಕೀ ಪಡೆದ ದಿನ ಅವನೇ ಅದನ್ನು ನಮಗೆ ಹೇಳಿದ್ದ. ನನ್ನನ್ನು ನೋಡಿದವನೇ ತಮಿಳಿನಲ್ಲಿ, ಅಕ್ಕ ಬರಲಿಲ್ಲವಾ ಅಂತ ಕೇಳಿದ. ಹೇಳಿದೆ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎದುರಿನ ಮರದ ಕೆಳಗಿದ್ದ ಕಲ್ಲುಬೆಂಚನ್ನು ತೋರಿಸಿದ. ನಾಲ್ಕು ಸಂಜೆ ಬಂದಿದ್ದಳಂತೆ. ಅಲ್ಲಿ ಕೂತು ಬೆರಳಿನಲ್ಲಿ ಮಹಡಿ ಎಣಿಸುತ್ತಿದ್ದಳಂತೆ. ಎಣಿಕೆ ತಪ್ಪಿದರೆ, ಹತ್ತೊಂಬತ್ತನೆಯದು ಅದೇ ಅಲ್ಲವಾ ಅಂತ ಇವನನ್ನು ಕೇಳುತ್ತಿದ್ದಳಂತೆ. ಕೀ ಕೈಯಲ್ಲೇ ಇದೆಯಲ್ಲ, ಮೇಲೆ ಹೋಗಿ, ಲಿಫ್ಟು ಓಡುತ್ತಿದೆ ಅಂತ ಇವನು ದಿನವೂ ಹೇಳುತ್ತಿದ್ದನಂತೆ.

ಅದಕ್ಕೆ ಅಕ್ಕ ಏನಂದಳು ಅಂತ ಕೇಳಿದೆ.

“ತಂಗಿಗೆ ಮಾತು ಕೊಟ್ಟಿದೀನಿ, ಅವಳು ತುಂಬ ಹೆದರ್ತಾಳೆ, ಅವಳ ಜೊತೇಲೇ ಹೋಗ್ತೀನಿ ಅಂದ್ರು.”

ಆ ಬೆಂಚಿನ ಮೇಲೆ ಕೂತು ಅತ್ತೆ. ಹದಿಮೂರು ದಿನದಲ್ಲಿ ಹಾಗೆ ಅತ್ತಿರಲಿಲ್ಲ. ಕಾವಲಿನವನು ಒಂದು ಬಾಟಲಿ ನೀರು ತಂದು ಪಕ್ಕದಲ್ಲಿಟ್ಟು ದೂರ ಹೋಗಿ ನಿಂತ.

ಆಮೇಲೆ ಮೇಲೆ ಹೋದೆ. ಹಾಲು ಇಲ್ಲ, ಹೂವಿಲ್ಲ, ಹೊಸ್ತಿಲಿಗೆ ಅರಿಶಿನ ಕುಂಕುಮ ಇಲ್ಲ. ಬಾಗಿಲು ತೆಗೆದರೆ ಬಣ್ಣದ ವಾಸನೆ. ನೆಲದ ಮೇಲೆ ಸಿಮೆಂಟಿನ ಧೂಳು ಒಂದೇ ಸಮನಾಗಿ ಹರಡಿಕೊಂಡಿತ್ತು. ಎಲ್ಲಾದರೂ ಒಂದು ಹೆಜ್ಜೆಯ ಗುರುತು ಇದ್ದೀತೆಂದು ಬಾಗಿಲಲ್ಲೇ ಬಗ್ಗಿ ನೋಡಿದೆ. ಇರಲಿಲ್ಲ. ಕಿಟಕಿಯಿಂದ ಕೆಳಗೆ ಇಣುಕಿದರೆ ಗಿರಣಿಯ ತಗಡಿನ ಮಾಡು, ಮರ, ಮರದ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಆ ಬೆಂಚು ಕಾಣುತ್ತಿತ್ತು.

ದಕ್ಷಿಣದ ಗೋಡೆ ಯಾವುದೆಂದು ಫೋನಿನಲ್ಲಿ ನೋಡಿಕೊಂಡೆ. ಅಕ್ಕನ ಚೀಟಿಯಲ್ಲಿದ್ದ ಅಳತೆಗೆ ಪೆನ್ಸಿಲ್ಲಿನಿಂದ ಗುರುತು ಹಾಕಿ ಹೊಡೆದೆ. ಮೊದಲನೆಯ ಮೊಳೆ ಡೊಂಕಾಯಿತು, ಕಿತ್ತು ಇನ್ನೊಂದು ಹೊಡೆದೆ, ಹೆಬ್ಬೆರಳು ಜಜ್ಜಿಕೊಂಡೆ. ಅಮ್ಮನನ್ನು ತೂಗುಹಾಕಿದೆ. ಸ್ವಲ್ಪ ಓರೆಯಾಗಿಯೇ ಇದ್ದಳು. ಅಕ್ಕ ಇದ್ದಿದ್ದರೆ ದೂರ ನಿಂತು, ಎಡಕ್ಕೆ, ಇನ್ನೊಂಚೂರು ಎಡಕ್ಕೆ ಅನ್ನುತ್ತಿದ್ದಳು.

ಅಕ್ಕನ ಫೋಟೋ ಇನ್ನೂ ಚೀಲದಲ್ಲೇ ಇತ್ತು. ಕಂಪನಿಯ ಕಾಗದವನ್ನು ಮತ್ತೊಮ್ಮೆ ಬಿಚ್ಚಿ ಓದಿದೆ. ಅನುಮತಿ ಇದ್ದದ್ದು ಒಂದು ಮೊಳೆಗೆ. ಕಾಗದವನ್ನು ಮಡಿಸಿ ಇಟ್ಟೆ, ಪೊಟ್ಟಣದಿಂದ ಇನ್ನೊಂದು ಮೊಳೆ ತೆಗೆದುಕೊಂಡೆ. ಎರಡನೆಯದನ್ನು ಯಾರನ್ನೂ ಕೇಳದೆ ಹೊಡೆದೆ. ಆಷಾಢ ಮುಗಿಯಲು ಇನ್ನೂ ಆರು ದಿನ ಇತ್ತು.